ಶುರುವಿನಲ್ಲೇ ಕಣ್ಣಿಟ್ಟವನು

"ಕೈ ತೆಗೀರಿ. ಈಗ ನಿಲ್ಲಿಸಬೇಡಿ."

ಅವಳ ಬೆರಳು ಕೀಲಿಮಣೆಯ ಮೇಲೆಯೇ ನಿಂತುಬಿಟ್ಟಿತು.

ತಿರುಗಿ ನೋಡಿದರೆ, ಹೆಗಲಿನಿಂದ ಪ್ರಯಾಣದ ಚೀಲವನ್ನೂ ಇಳಿಸದೆ ಒಬ್ಬ ಅಪರಿಚಿತ ನಿಂತಿದ್ದ. ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು. ಆದರೆ ಆ ಕಣ್ಣು ಅವಳನ್ನು ನೋಡುತ್ತಿರಲಿಲ್ಲ, ಅವಳ ಮುಂದಿದ್ದ ಪರದೆಯನ್ನು ನೋಡುತ್ತಿತ್ತು.

ಅದು ರಕ್ತನಿಧಿಯ ಮುಖ್ಯ ಕಚೇರಿ. ಯಾವ ಶಾಖೆಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂಬ ಲೆಕ್ಕವೆಲ್ಲ ಅಲ್ಲಿನ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿತ್ತು. ಶಾಖೆಗಳಿಂದ ಅಲ್ಲಿಗೆ ಬರುವ ನೆಟ್‌ವರ್ಕ್ ಲೈನುಗಳ ಜವಾಬ್ದಾರಿ ಅವಳದು. ಕೆಲವು ವಾರಗಳಿಂದ ಬೆಳಗಿನ ಹೊತ್ತು ಇದ್ದಕ್ಕಿದ್ದಂತೆ ಎಲ್ಲ ಶಾಖೆಗಳ ಪರದೆಗಳೂ ಮರಗಟ್ಟಿ ನಿಲ್ಲುತ್ತಿದ್ದವು. ನೆಟ್‌ವರ್ಕ್ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸರಿಹೋಗುತ್ತಿತ್ತು. ಮಾರನೆಯ ದಿನ ಮತ್ತದೇ ರಾಗ, ಅದೇ ಹಾಡು. ಇಂದೂ ಹಾಗೇ ಆಗಿ, ಪ್ರೋಗ್ರಾಂ ನಿಲ್ಲಿಸಲು ಅವಳು ಕೈ ಚಾಚಿದ್ದಳು.

"ಹೆರಿಗೆ ಕೋಣೆಯಲ್ಲಿರೋ ಹೆಂಗಸಿಗೆ ರಕ್ತ ಬೇಕು ಅಂತ ಫೋನ್ ಬಂದಿದೆ. ನಿಮಗೆ ಪರದೆ ನೋಡೋ ಆಸೆನಾ?" ಅವಳು ಸಿಡುಕಿದಳು.

"ಪಕ್ಕದ ಶಾಖೆಗೆ ನೀವೇ ಫೋನ್ ಮಾಡಿ ಕೇಳಿ. ಅಷ್ಟರಲ್ಲಿ ನಾನು ಇದರ ಮೆಮೊರಿಯ ನಕಲು ತೆಗೀತೀನಿ. ಈಗ ನಿಲ್ಲಿಸಿದ್ರೆ ಯಾಕೆ ಹೀಗಾಯ್ತು ಅನ್ನೋದೆಲ್ಲ ಅಳಿಸಿಹೋಗುತ್ತೆ. ನಾಳೆ ಇನ್ನೊಬ್ಬ ತಾಯಿಗೆ ಹೀಗೇ ಆಗುತ್ತೆ."

ಅವಳು ಹಲ್ಲು ಕಚ್ಚಿ ಫೋನೆತ್ತಿದಳು. ಎರಡನೆಯ ಶಾಖೆಯಲ್ಲೇ ರಕ್ತ ಸಿಕ್ಕಿತು, ಗಾಡಿ ಹೊರಟಿತು. ಅವಳು ಉಸಿರು ಬಿಡುವಷ್ಟರಲ್ಲಿ ಅವನು ಕುರ್ಚಿಯಿಂದೆದ್ದು, "ಈಗ ಶುರು ಮಾಡಿ," ಎಂದ.

ಒಂದು ನಮಸ್ಕಾರವಿಲ್ಲ, ಪರಿಚಯವಿಲ್ಲ... ಎಂಥ ಮನುಷ್ಯನಪ್ಪ ಇವನು!

ಅವನು ಬೇರೆ ಊರಿನ ಕಚೇರಿಯಿಂದ ಮ್ಯಾನೇಜರು ಕರೆಸಿದ ಮೇನ್‌ಫ್ರೇಮ್ ತಜ್ಞ ಎಂದು ಆಮೇಲೆ ತಿಳಿಯಿತು. ಮಾತು ಕಡಿಮೆಯೆಂದು ಮಧ್ಯಾಹ್ನದೊಳಗೆ ಕಚೇರಿಯವರು ಅವನಿಗೆ 'ಮೌನಿಬಾಬಾ' ಎಂದು ಹೆಸರಿಟ್ಟಿದ್ದರು.

ಅವಳ ಬಗ್ಗೆ ಮಾತ್ರ ಯಾರೂ ಮೌನವಾಗಿರಲಿಲ್ಲ. ಹಳೆಯ ನಿಧಾನದ ಲೈನುಗಳನ್ನು ತೆಗೆಸಿ ಹೊಸ ವೇಗದ ಲೈನು ಹಾಕಿಸಿದವಳು ಅವಳೇ. ತೊಂದರೆ ಶುರುವಾದದ್ದೂ ಅದರ ಬೆನ್ನಿಗೇ. ಸುಮ್ಮನಿದ್ದ ಹಾವನ್ನು ಕೆಣಕಿದಳು ಎಂದು ಕ್ಯಾಂಟೀನಿನಲ್ಲಿ ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಬೆನ್ನಿಗೂ ಕಿವಿ ಇರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮರುದಿನ ಅವನು ಅವಳ ಮೇಜಿಗೇ ಕುರ್ಚಿ ಎಳೆದುಕೊಂಡು ಬಂದ. ನೆಟ್‌ವರ್ಕ್ ಪ್ರೋಗ್ರಾಂ ಶುರುವಾಗುವಾಗ ಓದಿಕೊಳ್ಳುವ ಕೆಲವು ಸೆಟ್ಟಿಂಗುಗಳಿರುತ್ತವೆ. ಎಷ್ಟು ಮೆಮೊರಿ ಹಿಡಿಯಬೇಕು, ತನ್ನೊಳಗೆ ನಡೆಯುವುದನ್ನು ಬರೆದಿಡಬೇಕೋ ಬೇಡವೋ, ಎಲ್ಲವನ್ನೂ ಅಲ್ಲೇ ಹೇಳಬೇಕು. ಹಾಗೆ ಬರೆದಿಡುವುದಕ್ಕೆ ಟ್ರೇಸ್ ಎನ್ನುತ್ತಾರೆ. ಇಲ್ಲಿ ಯಾರೋ ಅದಕ್ಕೆ ತೀರಾ ಸಣ್ಣ ಜಾಗ ಕೊಟ್ಟಿದ್ದರು. ಹೊಸದು ಬಂದಂತೆ ಹಳೆಯದು ಅಳಿದುಹೋಗುತ್ತಿತ್ತು.

"ಜಗಳ ಮುಗಿದ ಮೇಲೆ ಬಂದವನಿಗೆ ಯಾರು ಮೊದಲು ಕೈ ಎತ್ತಿದ್ರು ಅಂತ ಗೊತ್ತಾಗಲ್ಲ," ಎಂದ ಅವನು, ಟ್ರೇಸಿನ ಜಾಗ ಹಿಗ್ಗಿಸುತ್ತಾ. "ಶುರುವಿಂದಾನೇ ಅಲ್ಲಿ ನಿಂತಿರಬೇಕು."

ಅವಳಿಗೆ ನಗು ಬಂತು. ಅವನೂ ನಕ್ಕ. ನಕ್ಕಾಗ ಆ ಮುಖ ಬೇರೆಯೇ ಆಗಿಬಿಡುತ್ತಿತ್ತು... ಅದನ್ನು ತಾನೇಕೆ ಗಮನಿಸಿದೆ ಎಂದು ಅವಳಿಗೇ ಮುಜುಗರವಾಯಿತು.

ಆಮೇಲೆ ಅವನು ಒಂದೊಂದು ಸೆಟ್ಟಿಂಗೂ ಏನು ಮಾಡುತ್ತದೆಂದು ತೋರಿಸಿದ. ಅವಳು ಲೈನುಗಳ ಬಗ್ಗೆ ಹೇಳಿದಳು. ಅವನು ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ ಕೇಳುತ್ತಿದ್ದ, ಉತ್ತರ ಮುಗಿಯುವವರೆಗೂ ಕಾಯುತ್ತಿದ್ದ. ಅವಳ ಮಾತನ್ನು ನಡುವೆ ತುಂಡರಿಸದೆ ಕೇಳಿದ ಗಂಡಸನ್ನು ಆ ಕಚೇರಿಯಲ್ಲಿ ಅವಳು ಕಂಡಿದ್ದೇ ಇಲ್ಲ.

ಅಂದು ಸಂಜೆ ಅವಳು ಹಾಡು ಗುನುಗುತ್ತಾ ಮನೆಗೆ ಬಂದದ್ದನ್ನು ಅವಳನ್ನು ಸಾಕಿದ ಚಿಕ್ಕಮ್ಮ ಗಮನಿಸಿದಳು. ಏನನ್ನೂ ಕೇಳಲಿಲ್ಲ. ಆದರೆ ಊಟ ಬಡಿಸುವಾಗ, ಕಂಪ್ಯೂಟರ್ ಕೆಟ್ಟಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ತಾನು ಕಂಡಿಲ್ಲ ಎಂದಳು.

ಆದರೆ ಆ ಖುಷಿಗೆ ಯಾರ ಕಣ್ಣು ಬಿತ್ತೋ...

ಮಾರನೆಯ ದಿನ ಮ್ಯಾನೇಜರರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಅವನ ದನಿ ಕೇಳಿಸಿತು.

"ಅವರ ಹೊಸ ಲೈನುಗಳ ಮೇಲೂ ಟ್ರೇಸ್ ಹಾಕಿದ್ದೀನಿ ಸರ್. ಅವರಿಗೆ ಮಾತ್ರ ಹೇಳಬೇಡಿ."

ಅವಳು ಬಾಗಿಲಿನಿಂದ ಹಿಂದೆ ಸರಿದಳು.

ಹಾಗಾದರೆ ಆ ನಗು? ಆ ಪಾಠ? ಲೈನಿನ ಬಗ್ಗೆ ಅಷ್ಟು ಆಸಕ್ತಿಯಿಂದ ಕೇಳಿದ್ದು... ಎಲ್ಲವೂ ತನ್ನ ಬಾಯಿ ಬಿಡಿಸುವುದಕ್ಕೇ ಇರಬೇಕು. ನಂಬಿದವರೇ ಕತ್ತು ಕೊಯ್ಯುವುದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವನು ಹೊರಬಂದಾಗ ಅವಳು ಕಾರಿಡಾರಿನಲ್ಲೇ ನಿಂತಿದ್ದಳು.

"ನನ್ನ ಮೇಲೆ ಅನುಮಾನ ಇದ್ರೆ ಮುಖ ಕೊಟ್ಟು ಕೇಳಬಹುದಿತ್ತು. ಪಕ್ಕದಲ್ಲಿ ಕೂತು ನಗಿಸಬೇಕಾಗಿರಲಿಲ್ಲ."

ಅವನ ಮುಖ ಬಿಳಿಚಿಕೊಂಡಿತು.

"ನಾಳೆವರೆಗೂ ತಾಳ್ಕೊಳ್ಳಿ. ಈಗ ಏನೂ ಹೇಳಲಾರೆ."

ಅವಳು ಬೆನ್ನು ತಿರುಗಿಸಿ ನಡೆದುಬಿಟ್ಟಳು. ಕಣ್ಣೀರು ಅವನಿಗೆ ಕಾಣಬಾರದೆಂದು ಮೆಟ್ಟಿಲಿಳಿದೇ ಹೋದಳು.

ಮನೆಯಲ್ಲಿ ಬೇರೆ ಕಡೆಗೆ ವರ್ಗ ಕೇಳುತ್ತೇನೆಂದು ಹಟ ಹಿಡಿದಳು. ಚಿಕ್ಕಮ್ಮ ಅವಳನ್ನು ಅಳಲು ಬಿಟ್ಟಳು. ಆಮೇಲೆ ತಲೆ ಸವರುತ್ತಾ, "ತಪ್ಪು ಮಾಡಿದೀಯಾ?" ಎಂದು ಕೇಳಿದಳು. ಇಲ್ಲವೆಂದು ಅವಳು ತಲೆಯಾಡಿಸಿದಳು.

"ಹಾಗಿದ್ರೆ ಓಡಿಹೋಗೋದ್ಯಾಕೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ. ಹೋಗಿ ಎದುರಿಗೆ ನಿಂತ್ಕೋ ಮಗಳೇ."

ಹೋದಳು.

ಆ ಬೆಳಿಗ್ಗೆ ಪರದೆಗಳು ಮತ್ತೆ ಮರಗಟ್ಟಿದವು. ಈ ಸಲ ಯಾರೂ ಗಾಬರಿಯಾಗಲಿಲ್ಲ. ಶಾಖೆಗಳಿಗೆ ಫೋನಿನಲ್ಲೇ ಕೆಲಸ ನಡೆಸುವಂತೆ ಅವನು ಮೊದಲೇ ಹೇಳಿಸಿದ್ದ. ನಕಲು ತೆಗೆದಾದ ಮೇಲೆ ಪ್ರೋಗ್ರಾಂ ಮತ್ತೆ ಶುರುವಾಯಿತು. ಮ್ಯಾನೇಜರು, ಕ್ಯಾಂಟೀನಿನಲ್ಲಿ ಆಡಿಕೊಂಡವರು, ಎಲ್ಲರನ್ನೂ ಕರೆಸಿ ಅವನು ಟ್ರೇಸನ್ನು ಪರದೆಯ ಮೇಲೆ ತೆರೆದ. ಅವಳು ಬಾಗಿಲ ಬಳಿ ಕೈಕಟ್ಟಿ ನಿಂತಳು.

ಮೊದಲು ಅವಳ ಲೈನುಗಳನ್ನೇ ತೋರಿಸಿದ. ಹೊರಟ ಸಂದೇಶಗಳೆಲ್ಲ ಒಂದೂ ಕೆಡದೆ ಬಂದು ತಲುಪಿದ್ದವು.

"ಈ ಲೈನುಗಳಲ್ಲಿ ಒಂದೇ ಒಂದು ದೋಷ ಇಲ್ಲ," ಎಂದ, ನಿಧಾನವಾಗಿ, ಎಲ್ಲರಿಗೂ ಕೇಳುವಂತೆ.

ದೋಷವಿದ್ದದ್ದು ಶುರುವಿನ ಸೆಟ್ಟಿಂಗಿನಲ್ಲಿ. ಬಂದ ಸಂದೇಶಗಳನ್ನು ಕ್ಷಣಕಾಲ ಇಟ್ಟುಕೊಳ್ಳುವ ಜಾಗವನ್ನು ಹಳೆಯ ಲೈನುಗಳ ಕಾಲದಲ್ಲಿ ನಿಗದಿ ಮಾಡಿದ್ದರು. ಆಗ ಸಂದೇಶಗಳು ಒಂದೊಂದೇ ತೆವಳಿಕೊಂಡು ಬರುತ್ತಿದ್ದವು. ಈಗ ಬೆಳಗಿನ ಲೆಕ್ಕವನ್ನು ಶಾಖೆಗಳೆಲ್ಲ ಒಟ್ಟಿಗೇ ಕಳಿಸಿದಾಗ ಹೊಸ ಲೈನುಗಳು ಎಲ್ಲವನ್ನೂ ಒಟ್ಟಿಗೇ ತಂದು ಸುರಿಯುತ್ತಿದ್ದವು. ಜಾಗ ತುಂಬಿ, ಉಸಿರುಕಟ್ಟಿ, ಪ್ರೋಗ್ರಾಂ ನಿಂತುಬಿಡುತ್ತಿತ್ತು. ಆ ಸೆಟ್ಟಿಂಗ್ ಬರೆದವರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಅವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು.

ಎಲ್ಲರೂ ಹೋದ ಮೇಲೆ ಮ್ಯಾನೇಜರು ಅವಳ ಬಳಿ ಬಂದರು. ತಾವೂ ಅವಳನ್ನು ಅನುಮಾನಿಸಿದ್ದಕ್ಕೆ ಕ್ಷಮಿಸಬೇಕೆಂದರು. ಟ್ರೇಸ್ ಹಾಕಿರುವುದು ಮುಂಚೆಯೇ ಗೊತ್ತಿದ್ದರೆ, ಸಿಕ್ಕಿಬೀಳುವ ಮೊದಲು ಅವಳೇ ಲೈನು ಸರಿಮಾಡಿಕೊಂಡಳು ಎಂದು ನಾಳೆ ಜನ ಆಡಿಕೊಳ್ಳುತ್ತಾರೆ, ಯಾರೂ ಬಾಯಿ ತೆರೆಯದ ಹಾಗೆ ಆಕೆಯ ಹೆಸರಿನ ಕಳಂಕ ತೊಳೆಯಬೇಕು, ಅದಕ್ಕೇ ಹೇಳಬೇಡಿ ಎಂದು ಅವನು ಕೇಳಿಕೊಂಡಿದ್ದನಂತೆ.

ಕಾರಿಡಾರಿನಲ್ಲಿ ತಾನಾಡಿದ ಮಾತು ಅವಳಿಗೆ ನೆನಪಾಯಿತು. ನಾನೇನು ಮಾಡಿಬಿಟ್ಟೆ...

ಹೊಸ ಸೆಟ್ಟಿಂಗಿನೊಂದಿಗೆ ಪ್ರೋಗ್ರಾಂ ಎದ್ದಿತು. ಮರುದಿನ ಬೆಳಗಿನ ಲೆಕ್ಕವೆಲ್ಲ ನೀರು ಹರಿದಂತೆ ಬಂದು ಮುಗಿಯಿತು. ಅದರ ಮಾರನೆಯ ಬೆಳಿಗ್ಗೆಯೂ ಅಷ್ಟೇ. ಆ ಎರಡೂ ದಿನ ಅವನು ಯಂತ್ರದ ಕೋಣೆಯಲ್ಲೇ ಇದ್ದ. ಅವಳು ಬಾಗಿಲವರೆಗೆ ಹೋಗಿ, ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ವಾಪಸು ಬರುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಅವನು ಹೊರಟನೆಂದು ಕೇಳಿ ಬಸ್ ನಿಲ್ದಾಣಕ್ಕೆ ಓಡಿದಳು.

ಅವನು ಕಲ್ಲುಬೆಂಚಿನ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದ. ಅವಳು ಏದುಸಿರು ಬಿಡುತ್ತಾ ಎದುರು ನಿಂತಳು.

"ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಆದ್ರೆ ನೀವು ಒಂದು ಮಾತು ಹೇಳಬಹುದಿತ್ತಲ್ಲ?"

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವಳು ಕೂತ ಮೇಲೆ ತನ್ನ ಅಕ್ಕನ ಕತೆ ಹೇಳಿದ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಒಂದು ಮುಖ್ಯವಾದ ಕರೆ ತಪ್ಪಿಹೋದಾಗ ಎಲ್ಲರೂ ಅವಳತ್ತ ಬೆರಳು ತೋರಿಸಿದರು. ಅವಮಾನ ತಾಳಲಾರದೆ ಅವಳು ಕೆಲಸ ಬಿಟ್ಟಳು. ದೋಷ ಯಂತ್ರದ್ದೆಂದು ಆಮೇಲೆ ಗೊತ್ತಾಯಿತು. ಆದರೆ ಮನೆಗೆ ಬಂದು ಅದನ್ನು ಹೇಳಿದವರು ಒಬ್ಬರೂ ಇಲ್ಲ.

"ನಿಮ್ಮ ಬಗ್ಗೆ ಅವರು ಆಡಿಕೊಳ್ಳೋದು ಕೇಳಿದಾಗ ಅಕ್ಕನ ಮುಖವೇ ಕಣ್ಮುಂದೆ ಬಂತು. ನಿಮಗೆ ನೋವಾದ್ರೂ ಸರಿ, ಹೆಸರು ಉಳಿಬೇಕು ಅನ್ನಿಸ್ತು."

ಅವಳ ಕಣ್ಣು ತುಂಬಿತು. ಆದರೂ ಹೇಳಬೇಕಾದದ್ದನ್ನು ಹೇಳಿದಳು.

"ಇನ್ನೊಂದು ಸಲ ನನ್ನಿಂದ ಮುಚ್ಚಿಟ್ಟು ನನ್ನನ್ನ ಕಾಪಾಡಬೇಡಿ. ಹೇಳಿ. ಜೊತೇಲಿ ನಿಂತು ಅನುಭವಿಸ್ತೀನಿ."

"ಇನ್ನೊಂದು ಸಲ ಅಂತ ಇದೆಯಾ?" ಅವನು ಮೆಲ್ಲಗೆ ಕೇಳಿದ.

ಅವಳು ಎದ್ದು ಹೋಗಲಿಲ್ಲ.

ಬಸ್ಸು ಬಂದು ನಿಂತಿತು. ಜನ ಹತ್ತಿದರು. ಅವನು ಕದಲಲಿಲ್ಲ.

"ಹಾಗಿದ್ರೆ ಇನ್ನೊಂದು ಮುಚ್ಚಿಟ್ಟಿದ್ದೀನಿ, ಅದನ್ನೂ ಹೇಳಿಬಿಡ್ತೀನಿ. ನನ್ನ ಕೆಲಸ ನಿನ್ನೆನೇ ಮುಗಿದಿತ್ತು. ಯಂತ್ರ ನೋಡಬೇಕು ಅಂತ ಸುಳ್ಳು ಹೇಳಿ ಉಳ್ಕೊಂಡೆ. ನೀವು ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ರಿ... ಒಳಗೆ ಬರ್ತೀರೇನೋ ಅಂತ ಕಾಯ್ತಾ ಇದ್ದೆ."

ಅವಳ ಕೆನ್ನೆ ಕೆಂಪಾಯಿತು. ಬಸ್ಸು ಹೊರಟುಹೋಯಿತು. ಇಬ್ಬರೂ ಅದನ್ನು ನೋಡಲೇ ಇಲ್ಲ.

"ಮುಂದಿನ ಬಸ್ಸು ಸಂಜೆಗೆ," ಎಂದಳು.

"ಅಲ್ಲಿವರೆಗೂ ಏನು ಮಾಡೋದು?"

"ಮನೇಲಿ ಚಿಕ್ಕಮ್ಮ ಇದ್ದಾಳೆ. ಬನ್ನಿ."

"ಯಾರು ಅಂತ ಹೇಳ್ತೀರಿ?"

ಅವಳು ಅವನ ಚೀಲದ ಒಂದು ಹಿಡಿಕೆ ಹಿಡಿದೆತ್ತಿದಳು.

"ನನಗೆ ಇಷ್ಟವಾದವರು ಅಂತ."