ಬೈಗುಳದ ‘ಅ’

ಸುಧಾಕರ ತನ್ನನ್ನು ಬೈಯುವುದನ್ನು ಯಾಕೆ ನಿಲ್ಲಿಸಿದನೋ ಜಲಜಳಿಗೆ ತಿಳಿಯಲಿಲ್ಲ. ಅವಳಿಗೆ ಅದೇ ಸಂಕಟ.

ಹಂಗಾರಕಟ್ಟೆಯ ಹುಡುಗ ಅವನು. ಬೋಟುಗಳಿಗೆ ರಜೆಯಿರುವ ಮಳೆಗಾಲದಲ್ಲಿ ಬ್ರಹ್ಮಾವರದ ಸಂಜೆ ಸಂಸ್ಕೃತ ತರಗತಿಗೆ ಸೇರಿದ್ದ. ಅವಳು ಐಸ್ ಪ್ಲಾಂಟಿನ ಆಫೀಸು ಮುಗಿಸಿ ಬರುತ್ತಿದ್ದಳು.

ಉಮಾನಾಥ ಮೇಷ್ಟ್ರು ಒಮ್ಮೆ ಹೇಳಿದ್ದರು: ‘ಅಲ್ಲ’ ಎನ್ನುವ ‘ಅ’ ನಾಮಪದದ ಮುಂದೆ ಸಲೀಸಾಗಿ ಕೂರುತ್ತದೆ, ಧರ್ಮ ಅಧರ್ಮವಾಗುತ್ತದೆ. ಕ್ರಿಯಾಪದಕ್ಕಾದರೆ ಬೇರೆಯಾಗಿ ‘ನ’ ಬೇಕು. ನ ಪಠಸಿ, ನೀನು ಓದುವುದಿಲ್ಲ. ಕ್ರಿಯಾಪದಕ್ಕೂ ‘ಅ’ ಅಂಟುವುದು ಯಾರನ್ನಾದರೂ ಬೈಯುವಾಗ ಮಾತ್ರ.

ಅಂದೇ ಹಿಂದಿನ ಬೆಂಚಿನಿಂದ ಸುಧಾಕರನ ಪಿಸುಮಾತು ಬಂತು: “ಅಪಠಸಿ.” ಅವಳು ತಿರುಗದಿದ್ದರೆ “ಅಪಶ್ಯಸಿ”, ನೋಡುವುದೇ ಇಲ್ಲ ಬಿನ್ನಾಣಗಿತ್ತಿ. ನೋಡಿದರೆ ಅವನೇ ಕಿವಿ ಕೆಂಪಾಗಿಸಿಕೊಂಡು ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದ. ಜಲಜ ಬೇಕೆಂದೇ ತಿರುಗದೆ ಕೂರುವುದನ್ನು ಕಲಿತಳು, ಬೆನ್ನೆಲ್ಲ ಕಿವಿಯಾಗಿ.

ಈಗ ಏನು ಕೇಳಿದರೂ ಅವನದು ‘ನ ಜಾನಾಮಿ’, ಗೊತ್ತಿಲ್ಲ, ಅಷ್ಟೇ. ನಾಳೆ ಅವನ ಬೋಟು ಕಡಲಿಗಿಳಿಯುತ್ತದೆ. ಭಾನುವಾರ ಯಡ್ತರೆಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುತ್ತಾರೆ. ಬೇಡವೆನ್ನಲು ಅವಳ ಬಳಿ ಕಾರಣವಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಹೋಗಿ ಅವನ ಪಕ್ಕ ನಿಂತಳು.

“ನಾನ್ ಎಂತ ತಪ್ಪ್ ಮಾಡ್ದೆ?”

ಅವನು ತಲೆಯೆತ್ತಲಿಲ್ಲ. “ಮೀನ್ ಮಾರ್ಕೆಟಂಗೆ ನಿಮ್ಮ ಅಬ್ಬಿನ ಕಂಡೆ. ನಮ್ಮ ದೊಡ್ಡಮ್ಮ ಗುರ್ತ ಹೇಳ್ರ್. ಅವ್ರ್ದೂ ನಮ್ದೂ ಒಂದೇ ಬಳಿ.”

ಬಳಿಯೆಂದರೆ ಗೋತ್ರದ ಹಾಗೆ, ಆದರೆ ಅಬ್ಬಿಯಿಂದ, ತಾಯಿಯಿಂದ ಬರುವುದು. ಒಂದೇ ಬಳಿಯೆಂದರೆ ಅಣ್ಣ ತಂಗಿ. ಮದುವೆಯ ಮಾತೇ ಎತ್ತುವಂತಿಲ್ಲ.

ಜಲಜಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. “ಅವ್ರ್ ನನ್ನ ಚಿಕ್ಕಿ, ಅಪ್ಪಯ್ಯನ ಎರಡ್ನೇ ಹೆಂಡ್ತಿ. ಹೆತ್ತ ಅಬ್ಬಿ ನಾನ್ ಸಣ್ಣದಿಪ್ಪತಿಗೇ ತೀರ್ಕಂಡ್ರ್. ನನ್ನ ಬಳಿ ಬೇರೆ.”

ಅವನು ಅವಳನ್ನೇ ನೋಡಿದ, ಇಷ್ಟು ದಿನ ನೋಡದೆ ಉಳಿಸಿಕೊಂಡದ್ದನ್ನೆಲ್ಲ ಒಮ್ಮೆಗೇ ನೋಡುವಂತೆ. ಬಸ್ಸು ಬಂತು, ಹೋಯಿತು. ಅವಳು ಭಾನುವಾರದ ಸಂಗತಿ ಹೇಳಿದಳು; ಅವರನ್ನು ಬೇಡವೆನ್ನಲು ಏನು ಹೇಳಲಿ ಎಂದಳು.

“ನಾಳೆ ನಮ್ಮ ಅಬ್ಬಿ ನಿಮ್ಮನಿಗೆ ಬತ್ರ್ ಅಂದ್ ಹೇಳಿ.”

“ಮತ್ತೆ ನೀವ್?”

“ನಾನ್ ಕಡ್ಲಂಗೆ ಇರ್ತೆ. ನಿಮ್ಮ ಉತ್ರ ಕಾಯ್ಕಂಡ್.”

ಮರುದಿನ ಅವನ ತಾಯಿ ಮಲ್ಲಿಗೆ ತಂದರು. ಚಿಕ್ಕಿ ಚಾ ಇಟ್ಟು, ಹುಡುಗಿಯನ್ನೇ ಕೇಳಿ ಎಂದರು. ಜಲಜ ಹೂಂ ಅಂದಳು. ಮನೆಯೆಲ್ಲ ಕೇಳಿತು. ಕೇಳಬೇಕಾದವನ ಬೋಟು ಮಾತ್ರ ಆಗಲೇ ಅಳಿವೆ ದಾಟಿ ಹೋಗಿತ್ತು.