ಹಾದಿ ಬಿಡು, ಎಲೆ ಗುಡ್ಡ

ಕಲ್ಲು ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ.

ಮೈಲಾರಮ್ಮನ ಕೈ ಬೀಸುಕಲ್ಲಿನ ಗೂಟದ ಮೇಲೆ ಹಾಗೇ ಉಳಿಯಿತು. ಆಗಿನ್ನೂ ಬೆಳಕು ಹರಿಯುವ ಹೊತ್ತು. ರಾಗಿ ಬೀಸುತ್ತಾ ಹಾಡುತ್ತಿದ್ದವಳು ಮೊರಕ್ಕೆ ಕೈ ಚಾಚಲೆಂದು ಒಂದು ಗಳಿಗೆ ನಿಲ್ಲಿಸಿದ್ದಳು, ಅಷ್ಟೇ. ಅವಳು ಬಿಟ್ಟ ಕಡೆಯಿಂದಲೇ ಗೋಡೆಯ ಆಚೆ ಒಂದು ಗಂಡು ದನಿ ಪದವನ್ನು ಎತ್ತಿಕೊಂಡಿತ್ತು!

“ಹೊತ್ತು ಮುಣುಗೈತೆ, ಹಿತ್ತಲು ಮಬ್ಬಾಗೈತೆ
ಹೋದೋನು ಇನ್ನೂ ಬರನಲ್ಲ — ಎಲೆ ಗುಡ್ಡ
ಹಾದೀಗೆ ಅಡ್ಡ ನಿಲಬ್ಯಾಡ...”

ಅದು ಅವಳ ತಾಯಿಯ ಪದ. ತಾಯಿ ಹೋದ ಮೇಲೆ ಆ ಊರಲ್ಲಿ ಅದನ್ನು ಬಲ್ಲವಳು ಅವಳೊಬ್ಬಳೇ. ಹಾಗಿದ್ದ ಮೇಲೆ ಇದು ಯಾರ ಬಾಯಿ?

ಎದ್ದು ಹೋಗಿ ಹಿತ್ತಲ ಬಾಗಿಲು ತೆಗೆದಳು. ಗೋಡೆಗೆ ಒರಗಿ ಒಬ್ಬ ಯುವಕ ಕೂತಿದ್ದ. ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ಕೆಂಡ ಕೇಳಲು ತಂದ ಒಡಕು ಮಡಕೆ. ಅವಳನ್ನು ಕಂಡು ದಡಬಡಿಸಿ ಎದ್ದ. ಅಷ್ಟು ಹತ್ತಿರದಲ್ಲಿ ಅಂಥ ಕಣ್ಣುಗಳನ್ನು ಅವಳು ನೋಡಿಯೇ ಇರಲಿಲ್ಲ.

“ಕೆಂಡ ಬೇಕಿತ್ರಿ,” ಎಂದ.

“ಕೆಂಡಕ್ಕೆ ಬಂದೋರು ಪದ ಯಾಕೆ ಕದೀತೀರಾ?”

“ಮೂರು ದಿನದಿಂದ ಕೇಳಾಕತ್ತೀನ್ರಿ. ನೀವು ನಿಲ್ಲಿಸಿದ್ರಿ, ಬಾಯಿ ತಾನಾಗೇ ಹಾಡಿಬಿಡ್ತು. ತಪ್ಪಾತ್ರಿ.”

ಅವಳಿಗೆ ನಗು ಬಂತು. ಮಡಕಶಿರದ ಈ ಸೀಮೆಯಲ್ಲಿ ಹುಟ್ಟಿದಾಗಿನಿಂದ ಅವಳನ್ನು ಯಾರೂ ‘ರೀ’ ಎಂದು ಕರೆದವರಲ್ಲ. ‘ಲೇ’ ಎನ್ನುವವರೇ ಎಲ್ಲ. ಆ ಒಂದು ‘ರೀ’ಗೆ ಅವಳ ಕಿವಿ ಯಾಕೆ ಬಿಸಿಯಾಯಿತೋ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವನ ಹೆಸರು ಜುಂಜಣ್ಣ. ರಾಯದುರ್ಗದ ಕಡೆಯವನು. ಸುಗ್ಗಿ ಮುಗಿದ ಮೇಲೆ ಆ ಕಡೆಯ ಕುರುಬರು ಕುರಿ ಹೊಡೆದುಕೊಂಡು ಊರೂರು ತಿರುಗುವುದು, ಬರಿದಾದ ಹೊಲಗಳಲ್ಲಿ ರಾತ್ರಿ ಮಂದೆ ತರುಬಿ ಕೂಡಿಹಾಕುವುದು, ಹಿಕ್ಕೆ ಗೊಬ್ಬರಕ್ಕೆ ಬದಲಾಗಿ ಹೊಲದವರು ಕಾಳು ಅಳೆದು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಮದರಾಸಿನ ಸರ್ಕಾರ ಯಾವ ಕಡೆ ತಿರುಗಿದರೇನು, ಮಂದೆ ಮಾತ್ರ ಮೇವಿದ್ದ ಕಡೆಗೇ ತಿರುಗುತ್ತಿತ್ತು. ಆ ವರ್ಷ ಅದು ಮೈಲಾರಮ್ಮನ ಅಪ್ಪ ದೊಡ್ಡಬೀರಪ್ಪನ ಹೊಲಕ್ಕೆ ಬಂದಿತ್ತು.

ಆಮೇಲಿನ ದಿನಗಳಲ್ಲಿ ಬೆಳಗಾಗುವ ಮುಂಚೆ ಗೋಡೆಯ ಈಚೆ ಅವಳು, ಆಚೆ ಅವನು. ಅವಳ ಬಾಯಲ್ಲಿ ಕಲ್ಲಿನ ಜೊತೆ ಸುತ್ತುತ್ತಿದ್ದ ಪದ, ಅವನ ಬಾಯಲ್ಲಿ ಬಯಲಿಗೆ ಬಿಟ್ಟ ಕುರಿಯಂತೆ ಎಲ್ಲೆಲ್ಲೋ ಅಡ್ಡಾಡಿ ಬರುತ್ತಿತ್ತು. ‘ಎಲೆ ಗುಡ್ಡ’ ಎನ್ನುವಲ್ಲಿ ಅವನು ದನಿಯನ್ನು ಎಳೆದು ಬಿಟ್ಟರೆ, ದೂರದ ಗುಡ್ಡ ನಿಜವಾಗಿಯೂ ಕಿವಿಗೊಟ್ಟಿದೆ ಅನ್ನಿಸುತ್ತಿತ್ತು ಅವಳಿಗೆ. ಸಣ್ಣ ಹಿಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಹೊಲದಿಂದ ಟಗರಿನ ಕೊರಳಗಂಟೆ ಕೇಳುತ್ತಿತ್ತು. ಎಚ್ಚರವಿದ್ದೇ ಕನಸು ಕಾಣುವುದು ಅಂದರೆ ಇದೇ ಇರಬೇಕು ಅಂದುಕೊಂಡಳು.

ಎದುರು ಕೂತು ಗೂಟ ಎಳೆಯುವ ಸೋದರತ್ತೆ ಚೌಡಕ್ಕನಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಕಿವಿ ಮಂದ ಎಂದು ನಟಿಸುತ್ತಿದ್ದಳು, ಪುಣ್ಯಾತ್ಗಿತ್ತಿ.

ಮಂದೆ ಹೊರಡುವ ದಿನ ಅವನು ಬಾಗಿಲಿಗೆ ಬಂದು ನಿಂತ.

“ಪದದ ಕೊನೀ ನುಡಿ ನೀವು ಹಾಡಲೇ ಇಲ್ಲಲ್ರಿ?”

ಕೊನೆಯ ನುಡಿ ಎಲ್ಲ ದಿನ ಹಾಡುವಂಥದ್ದಲ್ಲ ಎಂದು ಅವಳು ತಿಳಿಸಿ ಹೇಳಿದಳು. ಅವಳ ತಾಯಿಯ ಮನೆತನದಲ್ಲಿ ಅದೊಂದು ಕಟ್ಟುಪಾಡು. ಕೊನೆಯ ನುಡಿ ಹಾಡಿದರೆ ಕಲ್ಲು ಎತ್ತಿ ಗೋಡೆಗೆ ಒರಗಿಸಬೇಕು, ಕಾಯುವುದು ಮುಗಿಯಿತು ಎಂದು ಅದರ ಅರ್ಥ. ಹಾಡದಿದ್ದರೆ ಇನ್ನೂ ಬೀಸುವುದಿದೆ, ಬರುವವರು ಇದ್ದಾರೆ.

ಅವನು ಹೆಗಲ ಕಂಬಳಿಯನ್ನು ಸರಿಮಾಡಿಕೊಂಡ.

“ಹಂಗಾರ ಹಾಡಬ್ಯಾಡ್ರಿ. ಮುಂದಿನ ಸುಗ್ಗಿಗೆ ಬರ್ತೀನಿ. ಅಲ್ಲೀತನ ಪದ ಮುಗೀಬಾರದು.”

ಅವಳು ತಲೆ ಎತ್ತಲಿಲ್ಲ. ‘ಆಗಲಿ’ ಅನ್ನುವುದನ್ನು ಅವಳ ಕಾಲ ಹೆಬ್ಬೆರಳು ಮಣ್ಣಿನ ಮೇಲೆ ಬರೆಯುತ್ತಿತ್ತು.

ಅವನು ಹೋದ. ಹೋದವನು ಪದವನ್ನೂ ಹೊತ್ತುಕೊಂಡು ಹೋಗಿದ್ದ. ಅದು ಗೊತ್ತಾದದ್ದು ಮಳೆಗಾಲ ಕಳೆದ ಮೇಲೆ.

ಒಂದು ದಿನ ಮಡಕಶಿರದ ಸಂತೆಯಲ್ಲಿ ಭತ್ತ ತಂದ ಗಾಡಿಯವನೊಬ್ಬ ನೊಗಕ್ಕೆ ಒರಗಿ ಗುನುಗುತ್ತಿದ್ದ. ಮೈಲಾರಮ್ಮನ ಕಾಲು ಅಲ್ಲೇ ನಿಂತವು. ಅವಳದೇ ಪದ... ಆದರೆ ಗುಡ್ಡ ಇರಲಿಲ್ಲ! ‘ಎಲೆ ಕೆರೆಯೇ, ತುಂಬಿ ಹಾದೀಯ ನುಂಗಬ್ಯಾಡ’ ಎಂದು ಹಾಡುತ್ತಿದ್ದ. ಎಲ್ಲಿಂದ ಬಂದೆಯಣ್ಣ ಎಂದು ಚೌಡಕ್ಕನಿಂದ ಕೇಳಿಸಿದಳು. ಕಣೇಕಲ್ಲು ಎಂದ. ಅಷ್ಟು ದೊಡ್ಡ ಕೆರೆ ಇರುವ ಊರಿನವರಿಗೆ ಗುಡ್ಡದ ಚಿಂತೆ ಯಾಕೆ?

‘ಹಾಗಾದರೆ ಅವನು ಕಣೇಕಲ್ಲಿಗೆ ಹೋಗಿದ್ದ... ಅಲ್ಲಿ ನನ್ನ ಪದ ಹಾಡಿದ!’

ಆ ರಾತ್ರಿ ಅವಳು ನೋಡದ ಕೆರೆಯೊಂದು ಅವಳ ಕಣ್ಣೊಳಗೆ ಬೆಳಗಿನ ತನಕ ಅಲೆ ಹೊಡೆಯಿತು.

ಇನ್ನೊಂದು ಸಲ ಕೂಲಿ ಹೆಂಗಸರ ಗುಂಪು ಅದೇ ಪದ ಹಾಡುತ್ತಾ ಹಾದುಹೋಯಿತು. ಅವರು ಡಿ. ಹಿರೇಹಾಳ್ ಕಡೆಯವರು, ಬಳ್ಳಾರಿಗೆ ಹತ್ತಿ ಬಿಡಿಸಲು ಹೋಗಿಬಂದವರು. ಅವರ ಬಾಯಲ್ಲಿ ಗುಡ್ಡ ಹೋಗಿ ರೈಲು ಬಂದಿತ್ತು. ‘ಎಲೆ ರೈಲೇ, ಕೂಗಿ ದೂರಾಕೆ ಒಯ್ಯಬ್ಯಾಡ.’ ಸಂತೆಯ ಕಡಲೆ ವ್ಯಾಪಾರಿ ಅದನ್ನು ಅರ್ಧ ತೆಲುಗಿನಲ್ಲಿ ಹಾಡಿ ಗಿರಾಕಿ ಕರೆಯುತ್ತಿದ್ದ. ನಾಟಕದ ಕಂಪನಿಯೊಂದು ಬಂದಾಗಲಂತೂ ಕೇಳಲೇಬೇಡಿ, ಹಾರ್ಮೋನಿಯಂನವನು ಅದಕ್ಕೆ ಕುಣಿಯುವ ಗತಿ ಹಾಕಿದ್ದ! ತಾಯಿ ಕಣ್ಣು ಒರೆಸಿಕೊಳ್ಳುತ್ತಾ ಹಾಡುತ್ತಿದ್ದ ಪದಕ್ಕೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಚೌಡಕ್ಕ ಶಾಪ ಹಾಕಿದಳು. ಮೈಲಾರಮ್ಮನಿಗೆ ಕೋಪ ಬರಲಿಲ್ಲ. ಪ್ರತಿ ಬಾಯಿಯೂ ತನ್ನ ದುಃಖವನ್ನೋ ಖುಷಿಯನ್ನೋ ಸೇರಿಸಿ ಪದವನ್ನು ಮುಂದಕ್ಕೆ ಕೊಡುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ‘ಎಲೆ’ ಎನ್ನುವಲ್ಲಿ ಬರುವ ಆ ಎಳೆತ. ಅದು ಅವನದು. ಎಲ್ಲರ ಹಾಡಿನಲ್ಲೂ ಅದೊಂದು ಉಳಿದಿತ್ತು.

ಹೀಗೆ ಕಾಗದವಿಲ್ಲದೆ ಓಲೆಯಿಲ್ಲದೆ ಅವನು ಎಲ್ಲೆಲ್ಲಿ ತಿರುಗಿದ ಎಂಬುದು ಅವಳಿಗೆ ತಿಳಿಯುತ್ತಲೇ ಇತ್ತು. ಆದ್ದರಿಂದಲೇ, ಕಂಬಳಿ ಮಾರುವವರು ಅವರ ಜಗಲಿಯಲ್ಲಿ ತಂಗಿದ ದಿನ ಕೇಳಿದ್ದನ್ನು ಅವಳು ಅನುಮಾನಿಸಲಿಲ್ಲ.

ರಾಯದುರ್ಗದ ಕಡೆಯಿಂದ ಬಂದ ಅವರು, ಅಲ್ಲಿ ಮದುವೆಯೊಂದರಲ್ಲಿ ಹೊಸದಾಗಿ ಹೆಂಗಸರು ಕಟ್ಟಿದ ನುಡಿ ಎಂದು ಹಾಡಿದರು.

“ಹಾಲಗಂಬದ ಕೆಳಗ ಹಸೆಮಣಿ ಹಾಕ್ಯಾರ
ಜುಂಜಣ್ಣ ಬಂದಾನ ನಗುತಾಲೆ — ಎಲೆ ಗುಡ್ಡ
ಹಾದೀಯ ಬಿಟ್ಟು ಸರಿದೈತಿ.”

ಒಳಗೆ ಮೈಲಾರಮ್ಮ ಹೆಂಚಿನ ಮೇಲೆ ಹಾಕಿದ್ದ ರೊಟ್ಟಿ ಸೀದುಹೋಯಿತು.

ಹಸೆಯ ಹಾಡಿನಲ್ಲಿ ಗಂಡಿನ ಹೆಸರು ಬಂದರೆ ಅವನು ಮದುಮಗ. ಅವಳ ಸೀಮೆಯಲ್ಲಿ ಮಗುವಿಗೂ ಇದು ಗೊತ್ತು. ಹಸೆಯ ಹತ್ತಿರ ಇನ್ನೊಬ್ಬ ಗಂಡಸಿನ ಹೆಸರನ್ನು ಯಾರೂ ಹಾಡುವುದಿಲ್ಲ.

‘ಬಂದಾನ ನಗುತಾಲೆ...’ ನಗುತ್ತಾ ಬಂದನಂತೆ. ಎಷ್ಟು ಬೇಡಿಕೊಂಡರೂ ನನಗೆ ಸರಿಯದ ಗುಡ್ಡ, ಯಾರೋ ಒಬ್ಬಳಿಗೆ ಸರಿದುಬಿಟ್ಟಿತಲ್ಲ. ಅದೂ ನನ್ನ ತಾಯಿಯ ಪದದಲ್ಲೇ.

ಮಾರನೆಯ ಬೆಳಗ್ಗೆ ಅವಳು ಬೀಸಲು ಕೂತಳು. ಹಿಟ್ಟೆಲ್ಲ ಆದ ಮೇಲೆ, ವರ್ಷದಿಂದ ತುಟಿಯ ಒಳಗೇ ಇಟ್ಟುಕೊಂಡಿದ್ದ ಕೊನೆಯ ನುಡಿಯನ್ನು ಹಾಡಿಬಿಟ್ಟಳು.

“ಕಲ್ಲವ್ವ ಸಾಕಮ್ಮ, ಕೈಯೆಲ್ಲ ಸೋತಾವೆ
ಹೋದೋನ ಹೆಸರ ಹೇಳೋಲ್ಲೆ — ಎಲೆ ಗುಡ್ಡ
ಇದ್ದಲ್ಲೆ ಇರು ನೀ ಸುಖವಾಗಿ.”

ಚೌಡಕ್ಕ ಗಾಬರಿಯಿಂದ ನೋಡಿದಳು.

“ಯಾಕೆ ಮೈಲಾರಿ, ಪದ ಮುಗಿಸ್ಬಿಟ್ಟೆ?”

“ಹಿಟ್ಟಾಯ್ತು ಕಣತ್ತೆ. ಅದಕ್ಕೇ.”

ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ, ಅವನು ಕೂರುತ್ತಿದ್ದ ಜಾಗದಲ್ಲಿ ಕೂತು ಮನಸಾರೆ ಅತ್ತಳು.

ಪಾವಗಡದ ಕಡೆಯ, ಅಂದರೆ ಮೈಸೂರು ಸೀಮೆಯ ಒಂದು ಸಂಬಂಧ ಆಗಲೇ ಮನೆಗೆ ಬಂದಿತ್ತು. ಅಪ್ಪ ಕೇಳಿದಾಗ ಈ ಸಲ ಹೂಂ ಅಂದಳು. ಸುಗ್ಗಿ ಮುಗಿಯುತ್ತಿದ್ದಂತೆ ಒಂದು ಸೋಮವಾರ ತಾಂಬೂಲ ಬದಲಾಯಿಸುವುದು ಎಂದಾಯಿತು. ಚೌಡಕ್ಕ ಒಬ್ಬಳೇ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ಸೋಮವಾರದ ಹಿಂದಿನ ದಿನ ಹತ್ತಿರದ ರೊಳ್ಳದ ಕಡೆಯಿಂದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಗಂಡ ದೊಡ್ಡಬೀರಪ್ಪನ ಹತ್ತಿರ ಟಗರು ಕೊಳ್ಳಲು ಬಂದವನು. ಗಂಡಸರಿಬ್ಬರೂ ಕುರಿ ಕೂಡುವ ರೊಪ್ಪದಲ್ಲಿ ಹಲ್ಲು ನೋಡುತ್ತಾ ಚೌಕಾಸಿಗೆ ನಿಂತರೆ, ಆ ಹುಡುಗಿ ನೆಟ್ಟಗೆ ಒಳಗೆ ಬಂದಳು. ಹೆಸರು ಮೂಕಮ್ಮ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಲ್ಲ. ನಾಳೆ ಬರುವ ನೆಂಟರಿಗಾಗಿ ಮೈಲಾರಮ್ಮ ಕಲ್ಲನ್ನು ಮತ್ತೆ ಇಳಿಸಿ ಬೀಸುತ್ತಿದ್ದಳು, ಹಾಡದೆ. ಚೌಡಕ್ಕನನ್ನು ಎಬ್ಬಿಸಿ ಮೂಕಮ್ಮ ತಾನೇ ಎದುರು ಕೂತು ಗೂಟ ಹಿಡಿದಳು.

“ಪದ ಇಲ್ಲದ ಹೆಂಗ ಬೀಸ್ತೀರಿ?” ಎಂದವಳೇ ಎತ್ತಿಕೊಂಡಳು.

“ಹಳದೀಯ ಸೀರೀಲಿ ತಂಗ್ಯವ್ವ ನಡುಗ್ಯಾಳ
ಒಡಹುಟ್ಟು ಕೈಯ ಬಿಡಲಿಲ್ಲ — ಎಲೆ ಗುಡ್ಡ
ಹಾದೀಗೆ ಅಡ್ಡ ನಿಲಬ್ಯಾಡ.”

ಆಮೇಲೆ ಅದೇ ನುಡಿ ಬಂತು. ಹಾಲಗಂಬ, ಹಸೆಮಣೆ, ನಗುತ್ತಾ ಬಂದ ಜುಂಜಣ್ಣ...

ಮೈಲಾರಮ್ಮ ಗೂಟ ಬಿಟ್ಟಳು.

“ಅದು ಯಾರ್ ಮದುವೆ ಪದ?”

“ನಂದೇ ರೀ! ಜುಂಜಣ್ಣ ನಮ್ಮಣ್ಣ. ನಮ್ಮ ಕಡೆ ಹೆಣ್ಣನ್ನ ಹಸೀಗೆ ಕರಕೊಂಡು ಬರೋ ಅಣ್ಣನ ಹೆಸರು ಕಟ್ತಾರ. ನಿಮ್ಮ ಕಡೆ ಕಟ್ಟಂಗಿಲ್ಲೇನು?”

“ನಮ್ ಕಡೆ... ಮದುಮಗನ ಹೆಸರು ಒಂದೇ ಕಣಮ್ಮ.”

ಕಂಬಳಿಯವರು ತಂಗಿಯ ನುಡಿಯನ್ನು ದಾರಿಯಲ್ಲೇ ಬಿಟ್ಟು, ಹೆಸರಿದ್ದ ನುಡಿಯನ್ನು ಮಾತ್ರ ಹೊತ್ತು ತಂದಿದ್ದರು. ಉಳಿದದ್ದನ್ನು ಮೈಲಾರಮ್ಮನೇ ಕಟ್ಟಿಕೊಂಡಿದ್ದಳು.

ಮೂಕಮ್ಮ ಅವಳ ಮುಖ ನೋಡಿದಳು. ಗೋಡೆ ನೋಡಿದಳು. ಹಿತ್ತಲ ಬಾಗಿಲು ನೋಡಿದಳು. ಅಣ್ಣ ಬಾಯಿ ತುಂಬಾ ಹೇಳುತ್ತಿದ್ದ ಜಾಗ ಇದೇ ಎಂದು ಅವಳಿಗೆ ಬಂದಾಗಲೇ ಗೊತ್ತಿತ್ತು. ಟಗರಿನ ನೆವ ತೆಗೆದು ಗಂಡನನ್ನು ಈ ಊರಿಗೆ ಎಳೆದು ತಂದವಳೂ ಅವಳೇ. ಈ ಸೀಮೆಗೇ ತನ್ನನ್ನು ಕೊಡಬೇಕೆಂದು ಅಣ್ಣ ಹಟ ಹಿಡಿದದ್ದು, ಬಂದು ಹೋಗಲು ಒಂದು ನೆಂಟಸ್ತನ ಇರಲಿ ಎಂದು ಮನೆಯವರನ್ನು ಒಪ್ಪಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ, “ಕುರಿಮಂದೆ ಕಲ್ಯಾಣದುರ್ಗ ದಾಟೈತ್ರಿ. ನಾಕು ದಿನಕ್ಕ ಇಲ್ಲಿರ್ತಾನ,” ಎಂದಳು.

ಮೈಲಾರಮ್ಮ ಎದ್ದಳು. ಹಿಟ್ಟಿನ ಕೈಯಲ್ಲೇ ರೊಪ್ಪಕ್ಕೆ ನಡೆದಳು. ಟಗರಿನ ಕೊಂಬು ಹಿಡಿದಿದ್ದ ಅಪ್ಪ ತಿರುಗಿ ನೋಡಿದ.

“ಅಪ್ಪಾ, ನಾಳೆ ತಾಂಬೂಲ ಬ್ಯಾಡ.”

“ನೀನೇ ಹೂಂ ಅಂದಿದ್ಯಲ್ಲವ್ವ?”

“ತಪ್ಪು ತಿಳ್ಕಂಡು ಅಂದಿದ್ದೆ. ನಾನು ಕಾಯ್ತಿದ್ದೋನು ಬತ್ತಾ ಅವ್ನೆ.”

ದೊಡ್ಡಬೀರಪ್ಪ ಮಗಳ ಮುಖವನ್ನೇ ನೋಡಿದ. ಯಾರು ಎಂದು ಕೇಳಲಿಲ್ಲ. ಮಂದೆ ತರುಬಿದ ಹೊಲ ಅವನದೇ ಅಲ್ಲವೇ, ಕಿವಿ ಅವನಿಗೂ ಇತ್ತು. ಇಬ್ಬರ ಕುಲದ ಬೆಡಗು, ಅಂದರೆ ಗೋತ್ರ, ಬೇರೆ ಬೇರೆ, ಸಂಬಂಧ ಕೂಡುತ್ತದೆ ಎಂಬುದನ್ನೂ ಹೋದ ವರ್ಷವೇ ವಿಚಾರಿಸಿ ಇಟ್ಟುಕೊಂಡಿದ್ದ. ಹುಡುಗಿ ಬಾಯಿ ಬಿಡಲಿ ಎಂದು ಕಾದಿದ್ದ, ಅಷ್ಟೇ. ಪಾವಗಡದವರಿಗೆ ತಾನೇ ಹೋಗಿ ಕೈಮುಗಿದು ಬರುತ್ತೇನೆ ಎಂದು ಹೇಳಿ ಅಂದೇ ಹೊರಟ.

ಮಂದೆ ಬಂದ ಮೇಲಿನ ಬೆಳಗು. ಮಂಜು ಇನ್ನೂ ಹೊಲದ ಮೇಲೆ ಮಲಗಿತ್ತು. ಮೈಲಾರಮ್ಮ ಬೀಸುತ್ತಿದ್ದಳು, ಎದುರಿನ ಜಾಗ ಖಾಲಿ. ಚೌಡಕ್ಕನಿಗೆ ಅಂದು ಇದ್ದಕ್ಕಿದ್ದಂತೆ ಸೊಂಟ ನೋವು ಬಂದಿತ್ತು.

ಹಿತ್ತಲ ಬಾಗಿಲು ಸರಿಯಿತು. ಜುಂಜಣ್ಣ ಒಳಗೆ ಬಂದು, ಕಂಬಳಿ ಬದಿಗಿಟ್ಟು, ಎದುರು ಕೂತು ಗೂಟ ಹಿಡಿದ. ಗಂಡಸು ಬೀಸುವುದನ್ನು ಆ ಊರು ನೋಡಿರಲಿಲ್ಲ. ಅವನ ಕೈಗೆ ಗತಿ ಸಿಗದೆ ಕಲ್ಲು ಎಡವುತ್ತಿತ್ತು. ಎರಡು ಕೈಗಳು ಒಂದರ ಮೇಲೊಂದು ಕೂತ ಮೇಲೆ ಸರಿಯಾಗಿ ಸುತ್ತತೊಡಗಿತು.

“ನಿಮ್ಮತ್ತಿ ಬಾಯಿಂದ ಕೇಳಿ ಮೂಕಿ ಎಲ್ಲಾ ಹೇಳಿದ್ಲು. ಕೊನೀ ನುಡಿ ಹಾಡಿಬಿಟ್ಟೆಯಂತ?”

‘ರೀ’ ಹೋಗಿತ್ತು. ಅವಳಿಗೆ ಅದು ಆ ಕ್ಷಣವೇ ತಿಳಿಯಿತು.

“ಹೂಂ. ಹಾಡಿ, ಕಲ್ಲೂ ಎತ್ತಿಟ್ಟಿದ್ದೆ.” ಅವಳ ಕಣ್ಣು ತುಂಬಿಬಂದವು. “ಅವ್ವನ ಪದ ನಾನೇ ಮುಗಿಸ್ಬಿಟ್ಟೆ.”

“ನಾ ಕೇಳಿಲ್ಲಲ್ಲ. ಊರೂರು ಹಾಡಿಬಂದೆ ಮೈಲಾರಿ, ಎಲ್ಲಾರೂ ಒಂದೊಂದು ನುಡಿ ಸೇರಿಸಿದ್ರು. ಮುಗಿಸಾಕ ಮಾತ್ರ ಯಾರಿಗೂ ಬರಲಿಲ್ಲ. ನಾ ಕೇಳೋತನ ಅದು ಮುಗಿದಂಗಲ್ಲ.”

ಕಲ್ಲು ಸುತ್ತುತ್ತಲೇ ಇತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೆನ್ನೆಗೆ ಹಿಟ್ಟು ಹತ್ತಿತು.

“ಯಾವಾಗ ಹಾಡ್ತಿ ನನಗ?” ಎಂದ ಮೆಲ್ಲಗೆ.

“ಇಬ್ಬರಿಗೂ ಹಲ್ಲು ಬಿದ್ದ ಮೇಲೆ.”

“ಅಲ್ಲೀತನ?”

ಅವಳು ಮೊರದಿಂದ ಒಂದು ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಹಾಕಿದಳು.

“ಅಲ್ಲೀತನ ಬೀಸು,” ಎಂದಳು.