ಹದಿನಾಲ್ಕನೆಯ ಹೆಸರು

“ಏನ್ರಿ ಇವರ, ನಿಮ್ಮ ರಿಬ್ಬನ್ ಹರದೈತಿ ನೋಡ್ರಿ!”

ದುರಗವ್ವ ಬೆಚ್ಚಿ ತನ್ನ ಟೈಪ್ ಮಶಿನ್ನಿನ ಕಡೆ ನೋಡಿದಳು. ಅಯ್ಯೋ, ಹೌದಲ್ಲ! ಇನ್ನು ಹತ್ತೇ ನಿಮಿಷಕ್ಕೆ ಪರೀಕ್ಷೆ...

ಅದು 1962ರ ಧಾರವಾಡ. ಸರ್ಕಾರಿ ಗುಮಾಸ್ತರ ಟೈಪಿಂಗ್ ಪರೀಕ್ಷೆಗೆ ಬರುವವರು ತಮ್ಮ ಮಶಿನ್ನು ತಾವೇ ತರಬೇಕಿತ್ತು. ಅನುಕೂಲಸ್ಥರು ಟಾಂಗಾದಲ್ಲಿ ತಂದಿದ್ದರು. ಈಗ ಕೂಗಿ ಹೇಳಿದ ಈ ಹುಡುಗ ಸಪ್ತಾಪುರದ ಓಣಿಯಿಂದ ತಲೆಯ ಮೇಲೆ ಹೊತ್ತು ತಂದಿದ್ದ. ಹೊರೆಯ ಕೆಳಗಿಟ್ಟ ಬಟ್ಟೆಯ ಸಿಂಬಿ ಇನ್ನೂ ತಲೆಯ ಮೇಲೇ ಇತ್ತು!

ಕಿಸೆಯಿಂದ ಹೊಸ ರಿಬ್ಬನ್ ತೆಗೆದು ಚಾಚಿದ. “ತಗೋರಿ. ಹೆಚ್ಚಿಂದು.”

“ಮತ್ತ ನಿಮ್ಮದು ಹರದ್ರ?”

“ನಮ್ಮ ಮಶಿನ್ ಮುದುಕೈತ್ರಿ. ರಿಬ್ಬನ್ ಹರಿಯೂದ್ರಾಗ ಅದ ಸಾಯ್ತೈತಿ!”

ಆ ಗಾಬರಿಯಲ್ಲೂ ಅವಳು ನಕ್ಕಳು. ಅವನ ಹೆಸರು ಉಡಚಪ್ಪ. ಅವಳು ಮೊದಲನೇ ಕೋಣೆಗೆ ಹೋದಳು, ಅವನು ಎರಡನೆಯದಕ್ಕೆ.

ಎರಡನೇ ಕೋಣೆಯಲ್ಲಿ ಪರೀಕ್ಷೆ ಮುಗಿಯುವ ಗಂಟೆ ಸರಿಯಾದ ಹೊತ್ತಿಗೆ ಹೊಡೆಯಿತು. ಮೊದಲನೆಯದರಲ್ಲಿ ಹೊಡೆಯಲಿಲ್ಲ. “ಮುಗಸ್ರಿ, ಮುಗಸ್ರಿ, ಗಡಬಡಿ ಬ್ಯಾಡ” ಎನ್ನುತ್ತ ಮೇಲ್ವಿಚಾರಕರು ಒಬ್ಬನ ಬೆನ್ನ ಹಿಂದೆಯೇ ನಿಂತಿದ್ದರು. ಅವನು ಯಾವುದೋ ಸಾಹೇಬರ ಅಳಿಯನಂತೆ. ಹತ್ತು ನಿಮಿಷ ಹೆಚ್ಚಿಗೆ ಸಿಕ್ಕಿತು. ದುರಗವ್ವನ ಕೊನೆಯ ಸಾಲುಗಳೂ ಆ ಹತ್ತು ನಿಮಿಷದಲ್ಲೇ ಮುಗಿದವು. ಅವಳು ಯಾರಿಗೂ ಹೇಳಲಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಅವಳೂರು ಉಣಕಲ್ಲಿನ ಕೆರೆಯ ದಂಡೆಯಲ್ಲಿ ಕಳೆದವು. ಅವಳಿಗೆ ಬಟ್ಟೆ ಒಗೆಯುವ ನೆಪ, ಅವನಿಗೆ ಗೆಳೆಯನಿಂದ ಕೇಳಿ ತಂದ ಸೈಕಲ್ ತೊಳೆಯುವ ನೆಪ. ಅಷ್ಟು ತೊಳೆದ ಸೈಕಲ್ ಇಡೀ ಧಾರವಾಡದಲ್ಲೇ ಇರಲಿಲ್ಲ!

ಐದು ತಿಂಗಳಿಗೆ ಆಯ್ಕೆಯ ಪಟ್ಟಿ ಬಂತು. ಹದಿನಾಲ್ಕು ಹೆಸರು, ಕೊನೆಯದು ದುರಗವ್ವನದು. ಅವನದಿರಲಿಲ್ಲ. ಹುಬ್ಬಳ್ಳಿಯ ಕಚೇರಿಯಲ್ಲಿ ಅವಳಿಗೆ ಕುರ್ಚಿ ಸಿಕ್ಕಿತು. ಹತ್ತಿ ಮಾರ್ಕೆಟ್ಟಿನಲ್ಲಿ ಹೊರೆ ಹೊರುತ್ತಿದ್ದ ಅವ್ವ ಗುಡ್ಡವ್ವ ಅಂದು ಕೆಲಸಕ್ಕೆ ಹೋಗದೆ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮುಂದಿನ ಭಾನುವಾರ ಉಡಚಪ್ಪ ಬರಲಿಲ್ಲ. ಅದರ ಮುಂದಿನ ಭಾನುವಾರವೂ...

ಸುದ್ದಿ ತಂದವಳು ಪಕ್ಕದ ಕುರ್ಚಿಯ ಅಬೀದಾ. ಪಟ್ಟಿಯಲ್ಲಿ ಒಂಬತ್ತನೆಯವಳು.

“ನಿನ್ನ ಸೈಕಲ್ ತೊಳಿಯಾಂವ ಬೆಂಗಳೂರಿನ ಹೈಕೋರ್ಟಿಗೆ ಹೋಗ್ಯಾನವಾ! ಪರೀಕ್ಷಾದಾಗ ಮೋಸ ಆಗೇತಿ, ಲಿಸ್ಟ್ ರದ್ದು ಮಾಡ್ರಿ ಅಂತ. ಆರಿಸಿ ಬಂದವರಿಗೆಲ್ಲ ನೋಟೀಸ್ ಬರತಾವಂತ.”

“ನನಗೂ?”

“ನೀ ಏನ್ ಲಿಸ್ಟಿನ ಹೊರಗ ಅದೀಯೇನು?”

ದುರಗವ್ವನಿಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಏನೂ ಬರಲಿಲ್ಲ. ರೊಟ್ಟಿ ಅಗಿದರೆ ರುಚಿಯಿಲ್ಲ, ಬಿಸಿ ಚಹಾ ಕುಡಿದರೆ ಸುಡಲಿಲ್ಲ. ಕಚೇರಿಯಲ್ಲಿ ಬೆರಳುಗಳು ತಮ್ಮಷ್ಟಕ್ಕೆ ಟೈಪ್ ಮಾಡುತ್ತಿದ್ದವು, ಬೇರೆ ಯಾರವೋ ಎಂಬಂತೆ.

‘ರಿಬ್ಬನ್ ಕೊಟ್ಟಾಂವನ ನನ್ನ ನೌಕರಿ ಕಸಕೊಳ್ಳಾಕ ಹೊಂಟಾನ...’

ಒಂದು ಸಂಜೆ ಅವನು ದಾರಿಯಲ್ಲಿ ಅಡ್ಡ ನಿಂತ. “ದುರಗವ್ವ, ಒಂದ ಮಾತು...”

“ಕೋರ್ಟಿನ್ಯಾಗ ಹೇಳ್ರಿ.”

ನಿಲ್ಲದೆ ನಡೆದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು.

ದಿನಾ ಅಂಚೆಯವನ ದಾರಿ ಕಾದಳು. ಎಲ್ಲರಿಗೂ ನೋಟೀಸು ಬಂತು. ಅವಳಿಗೆ ಮಾತ್ರ ಬರಲಿಲ್ಲ!

ಅಬೀದಾ ಕಾಗದ ಬಿಡಿಸಿ ತೋರಿಸಿದಳು. “ನೋಡ, ಹದಿಮೂರ ಪ್ರತಿವಾದಿಗಳು. ನಿನ್ನ ಹೆಸರ ಇಲ್ಲ. ಆರಿಸಿ ಬಂದವರಾಗ ಒಬ್ಬರನ್ನ ಬಿಟ್ರೂ ಅರ್ಜಿ ಬೀಳತೈತಂತ. ನಮ್ಮ ವಕೀಲರಿಗೆ ನಗೀನ ತಡಿಯವಲ್ದು.”

ದುರಗವ್ವ ನಗಲಿಲ್ಲ. ಮಧ್ಯಾಹ್ನವೇ ರಜೆ ಬರೆದುಕೊಟ್ಟು ಧಾರವಾಡದ ಬಸ್ಸು ಹತ್ತಿದಳು.

ನೋಟೀಸಿನ ಮೇಲೆ ಹೆಸರಿದ್ದ ವಕೀಲ ನಿಜಾಮುದ್ದೀನರ ಕೋಣೆಯಲ್ಲಿ ಉಡಚಪ್ಪ ತಲೆ ತಗ್ಗಿಸಿ ಕೂತಿದ್ದ. ವಕೀಲರು ಕೂಗಾಡುತ್ತಿದ್ದರು.

“ಹೆಸರೆಲ್ಲ ನೀನ ಟೈಪ್ ಮಾಡು ಅಂದ್ರ ಹದಿಮೂರಕ್ಕ ನಿಲ್ಲಿಸ್ಯಾನ! ನಾನೂ ಎಣಿಸಲಿಲ್ಲ, ನನ್ನ ಬುದ್ಧಿಗಿಷ್ಟು... ನಿನ್ನ ಜೋಡಿ ಅರ್ಜಿ ಹಾಕಿದಾವ್ರು ಇನ್ನೂ ಒಂಬತ್ತು ಮಂದಿ ಅದಾರಲೇ! ಯಾಕ ಬಿಟ್ಟಿ ಅಂದ್ರ ಬಾಯಿನ ಬಿಡವಲ್ಲ!”

ಬಾಗಿಲಲ್ಲಿ ನಿಂತವಳು ಕೇಳಿದಳು, “ಯಾಕ ಬಿಟ್ರಿ?”

ಉಡಚಪ್ಪ ಎದ್ದು ನಿಂತ.

“ಹದಿಮೂರ ಹೊಡದ್ನಿ. ಹದಿನಾಲ್ಕನೇದಕ್ಕ... ಕೈ ಏಳಲಿಲ್ರಿ. ನೋಟೀಸ್ ಬಂದ್ರ ನಿಮ್ಮ ಅವ್ವ ಹೆದರತಾರಂತ... ಅದನ್ನ ಹೇಳಾಕ ಬಂದಿದ್ನಿ ಅವತ್ತ.”

ಜೋಮು ಹಿಡಿದ ಕಾಲಿಗೆ ರಕ್ತ ಇಳಿದಾಗ ಚುಚ್ಚುತ್ತದಲ್ಲ, ಹಾಗೆ ದುರಗವ್ವನ ಎದೆಯಲ್ಲಿ ಏನೋ ಚುಚ್ಚಿತು. ಎಷ್ಟೋ ವಾರಗಳ ಮೇಲೆ ಏನೋ ಒಂದು!

“ಮಶಿನ್ ಈ ಕಡೆ ಸರಸ್ರಿ” ಎಂದಳು.

“ಏನ್ ಮಾಡತಿ ತಂಗಿ?” ವಕೀಲರು ಕೇಳಿದರು.

“ನನ್ನ ಹೆಸರ ಸೇರಸ್ತೇನ್ರಿ. ಇನ್ನೊಂದ ಮಾತು. ಮೊದಲನೇ ಕ್ವಾಣ್ಯಾಗ ಹತ್ತ ನಿಮಿಷ ತಡಾ ಮಾಡಿ ಗಂಟಿ ಹೊಡದ್ರು. ನಾ ಕಣ್ಣಾರೆ ಕಂಡೇನಿ. ಆ ಹತ್ತ ನಿಮಿಷ ನಾನೂ ತಿಂದೇನಿ. ಬರಕೊಡತೇನಿ.”

“ಲಿಸ್ಟ್ ಬಿದ್ರ ನಿನ್ನ ನೌಕರಿನೂ ಹೋಗತೈತಿ, ಗೊತ್ತೈತೇನು?”

ಅವ್ವ ಹಂಚಿದ ಸಕ್ಕರೆ ನೆನಪಾಯಿತು. ಅವ್ವನ ಬಾಗಿದ ಬೆನ್ನೂ ನೆನಪಾಯಿತು. ಆದರೂ ಮಶಿನ್ನಿನ ಮುಂದೆ ಕೂತಳು. ಹದಿನಾಲ್ಕು ಎಂದು ಹೊಡೆದಳು. ಅದರ ಮುಂದೆ ತನ್ನ ಹೆಸರು, ತಂದೆಯ ಹೆಸರು, ಊರು ಉಣಕಲ್. ಒಂದಕ್ಷರವೂ ತಪ್ಪಲಿಲ್ಲ.

ವಕೀಲರು ಕಾಗದ ಹಿಡಿದು ಒಳಗೆ ಹೋದರು.

“ನನ್ನ ಸಲುವಾಗಿ ಮಾಡಿದ್ರೇನು?” ಉಡಚಪ್ಪನ ದನಿ ಒಡೆದಿತ್ತು.

“ನಿಮ್ಮ ಸಲುವಾಗಿ ಅಷ್ಟ ಅಲ್ಲ. ನನಗ ನಿದ್ದಿ ಬರಬೇಕು.” ಅವಳು ಅಂದು ಮೊದಲ ಸಲ ಅವನ ಮುಖ ನೋಡಿದಳು. “ಖರೇ ಹೇಳ್ರಿ... ಕೈ ಯಾಕ ಏಳಲಿಲ್ಲ?”

“ನಿನ್ನ ಹೆಸರು ನನ್ನ ಹೆಸರಿನ ಎದುರ ಬರಬಾರದು ಅನಸ್ತು. ಬಾಜೂಕ ಬರಬೇಕು ಅನಸ್ತು.”

ಈಗ ಬಂತು ಅಳು! ಸೆರಗಿನಿಂದ ಒರೆಸಿಕೊಂಡಳು.

“ಲಿಸ್ಟ್ ಬಿದ್ದು ಮತ್ತ ಪರೀಕ್ಷಾ ಇಟ್ರ?” ಎಂದು ಕೇಳಿದಳು.

“ಇಬ್ಬರೂ ಕೂಡೂಣು. ಗಂಟಿ ಎಲ್ಲಾರಿಗೂ ಒಂದ.”

“ರಿಬ್ಬನ್?”

“ಎರಡು ತರತೇನಿ.”

“ಬ್ಯಾಡ,” ಎಂದಳು ದುರಗವ್ವ, “ಈ ಸಲ ನಾ ತರತೇನಿ.”